ಕೆಲಸ ಸಿಕ್ಕಿದೆ, ಕೆಲಸ ಇಲ್ಲ

ಹೊಸ ಕಂಪನಿ ಸೇರಿ ಇವತ್ತಿಗೆ ಒಂಬತ್ತು ದಿನ. ಇಷ್ಟು ದಿನದಲ್ಲಿ ನಾನು ಮಾಡಿದ ಘನಕಾರ್ಯ ಅಂದರೆ ಪಿಎಫ್ ವರ್ಗಾವಣೆಗೆ ಯುಎಎನ್ ನಂಬರ್ ಬರೆದುಕೊಟ್ಟಿದ್ದು, ಐಡಿ ಕಾರ್ಡಿಗೆ ಫೋಟೋ ತೆಗೆಸಿಕೊಂಡಿದ್ದು, ಆಮೇಲೆ ಟ್ರೈನಿಂಗ್ ವಿಡಿಯೋ ನೋಡಿ ಹತ್ತಕ್ಕೆ ಹತ್ತು ಮಾರ್ಕ್ಸ್ ತಗೊಂಡಿದ್ದು. ಆ ವಿಡಿಯೋಗಳನ್ನು ಇಷ್ಟು ಗಮನ ಕೊಟ್ಟು ನೋಡಿದವರು ಇಡೀ ಬಿಲ್ಡಿಂಗಿನಲ್ಲೇ ಇನ್ನೊಬ್ಬರು ಇರಲಾರರು :-)

ಲ್ಯಾಪ್‌ಟಾಪ್ ಕೈಗೆ ಬಂದಿದ್ದೇ ನಾಲ್ಕನೇ ದಿನ. ಬಂದ ಮೇಲೆ ನೋಡಿದರೆ ಪ್ರಾಜೆಕ್ಟಿನ ಒಂದು ಫೋಲ್ಡರೂ ಓಪನ್ ಆಗುತ್ತಿಲ್ಲ. ಪರ್ಮಿಷನ್ ಬೇಕಂತೆ. ಪರ್ಮಿಷನ್‌ಗೆ ಟಿಕೆಟ್ ಹಾಕಬೇಕಂತೆ. ಟಿಕೆಟ್‌ಗೆ ಮ್ಯಾನೇಜರ್ ಹೂಂ ಅನ್ನಬೇಕಂತೆ. ಮ್ಯಾನೇಜರ್ ಇರುವುದು ಡಲ್ಲಾಸ್‌ನಲ್ಲಿ. ನಾನು ಇಲ್ಲಿ ಹತ್ತು ಗಂಟೆಗೆ ಸೀಟಿನಲ್ಲಿ ಕೂರುವ ಹೊತ್ತಿಗೆ ಅವರಿಗೆ ಹಿಂದಿನ ರಾತ್ರಿ, ಮಲಗುವ ಸಮಯ. 'ವೆಲ್ಕಮ್, ಸದ್ಯದಲ್ಲೇ ಮಾತಾಡೋಣ' ಅಂತ ಒಂದು ಸಾಲಿನ ಮೆಸೇಜು ಮೊದಲ ದಿನವೇ ಬಂದಿತ್ತು. ಆ 'ಸದ್ಯದಲ್ಲೇ' ಇನ್ನೂ ಬಂದಿಲ್ಲ.

ತಮಾಷೆ ಅಂದರೆ ಬೆಳಿಗ್ಗೆ ಹೊರಡುವಾಗ ಮಾತ್ರ ಎಲ್ಲರಂತೆ ನನಗೂ ಅವಸರ. 2025ರ ಆಗಸ್ಟ್‌ನಲ್ಲಿ ಹಳದಿ ಲೈನ್ ಶುರುವಾದ ಮೇಲೆ ಆರ್.ವಿ. ರೋಡಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಮೆಟ್ರೋದಲ್ಲೇ ಹೋಗಬಹುದು, ಸಿಲ್ಕ್ ಬೋರ್ಡಿನ ಟ್ರಾಫಿಕ್ಕನ್ನು ಮೇಲಿನಿಂದ ನೋಡುತ್ತಾ. ಪಕ್ಕದವನ ಬ್ಯಾಗು ಮುಖಕ್ಕೆ ಒತ್ತುತ್ತಿದ್ದರೂ ಓಡಿಹೋಗಿ ಹತ್ತುತ್ತೇನೆ. ಯಾಕೆ? ಸುಮ್ಮನೆ ಕೂರುವುದಕ್ಕೆ ತಡವಾಗಬಾರದಲ್ಲ!

ನಮ್ಮ ಸ್ಕೂಲಿನಲ್ಲಿ ಬೆಂಚಿನ ಮೇಲೆ ನಿಲ್ಲಿಸುವುದು ಶಿಕ್ಷೆಯಾಗಿತ್ತು. ಸಾಫ್ಟ್‌ವೇರಿನಲ್ಲಿ ಬೆಂಚಿನ ಮೇಲೆ ಕೂರಿಸುತ್ತಾರೆ, ಸಂಬಳವನ್ನೂ ಕೊಡುತ್ತಾರೆ. ಹೊಸದಾಗಿ ಕಾಲೇಜು ಮುಗಿಸಿ ಬಂದ ಹುಡುಗರಿಗೆ ಅದು ಖುಷಿ. ಮೂವತ್ತೆಂಟು ವಯಸ್ಸು, ಮನೆ ಸಾಲ, ಆರು ತಿಂಗಳ ಪ್ರೊಬೇಷನ್ ಇರುವವನಿಗೆ ಹೊಟ್ಟೆಯಲ್ಲಿ ಒಂಥರಾ ಸಂಕಟ. ಹಳೇ ಆಫೀಸಿನಲ್ಲಿ ಒಂಬತ್ತು ವರ್ಷ ಟೆಸ್ಟಿಂಗ್ ಮಾಡಿದೆ. ಊಟಕ್ಕೆ ಕೂತರೂ 'ಸಾರ್ ಒಂದ್ನಿಮಿಷ' ಅಂತ ಯಾರಾದರೂ ಬರುತ್ತಿದ್ದರು. ಆಗ ಅದೇ ದೊಡ್ಡ ಕಿರಿಕಿರಿ ಅನ್ನಿಸುತ್ತಿತ್ತು. ಇಲ್ಲಿ ಹನ್ನೆರಡೂವರೆಗೆ ಸುತ್ತಲಿನ ಕುರ್ಚಿಗಳೆಲ್ಲ ಒಟ್ಟಿಗೆ ಹಿಂದೆ ಸರಿಯುತ್ತವೆ, ಎಲ್ಲರೂ ನಗುತ್ತಾ ಎದ್ದು ಹೋಗುತ್ತಾರೆ. ಕೆಟ್ಟವರೇನಲ್ಲ ಪಾಪ. ಅವರಿಗೆ ನಾನು ಕಾಣಿಸುವುದಿಲ್ಲ, ಅಷ್ಟೇ. ನಾನು ಎಂಟು ಅಂಕಣಗಳ ಖಾಲಿ ಎಕ್ಸೆಲ್ ಶೀಟು ತೆರೆದುಕೊಂಡು ಬ್ಯುಸಿ ಇದ್ದವನಂತೆ ಹುಬ್ಬು ಗಂಟಿಕ್ಕಿ ಕೂತಿರುತ್ತೇನೆ. ಸುಮ್ಮನೆ ಕೂರುವುದಕ್ಕಿಂತ ಕೆಲಸ ಇದ್ದಂತೆ ಕೂರುವುದು ಹತ್ತುಪಟ್ಟು ಸುಸ್ತು, ಬೇಕಾದರೆ ಮಾಡಿ ನೋಡಿ.

ರಾತ್ರಿ ಊರಿಂದ ಅಪ್ಪಯ್ಯನ ಫೋನು. "ಎಂತ ಕೆಲಸ ಕೊಟ್ರಾ?"

"ಎಂತೂ ಕೊಡ್ಲಿಲ್ಲ ಅಪ್ಪಯ್ಯ. ಕೂತಿದೀನಿ."

"ಸಂಬಳ ಕೊಟ್ಟು ಕೂರ್ಸದು ಎಂತಕ್ಕೆ ಮಾರಾಯ! ಅಡಿಕೆ ಸುಲಿಯಕ್ಕೆ ಹೊಸಬ್ರು ಬಂದ್ರೆ, ಅವ್ರಿಗೆ ಮೆಟ್ಟುಗತ್ತಿ ಹಿಡಿಯಕ್ಕೆ ಬರದೇ ಇದ್ರೂ ಒಂದು ಬುಟ್ಟಿನಾರೂ ಕೊಟ್ಟು ಸಿಪ್ಪೆ ಹೊರು ಅಂತೀವಪ್ಪ. ಕೈಖಾಲಿ ಕೂತ್ರೆ ಅವ್ರಿಗೇ ಬೇಜಾರಲ್ಲನಾ?"

ಇಷ್ಟು ಸಣ್ಣ ವಿಷಯ ನಮ್ಮ ಎಚ್‌ಆರ್‌ನವರ ಮೂವತ್ತು ಪುಟದ ವೆಲ್ಕಮ್ ಪುಸ್ತಕದಲ್ಲಿ ಇಲ್ಲ.

ನನ್ನನ್ನು ದಿನಾ ಗಮನಿಸಿದವರು ಒಬ್ಬರೇ, ಬಾಗಿಲಲ್ಲಿ ನಿಲ್ಲುವ ಸೆಕ್ಯೂರಿಟಿಯವರು. ನನ್ನ ಕಾರ್ಡಿಗೆ ಬಾಗಿಲು ತೆರೆಯುವುದಿಲ್ಲವಾದ್ದರಿಂದ ಕಾಫಿಗೆ ಹೋಗಿಬಂದಾಗಲೆಲ್ಲ ಅವರೇ ಒಳಗೆ ಬಿಡಬೇಕು. ರಾಯಚೂರಿನ ಕಡೆಯವರು. ಐದನೇ ದಿನ ಕೇಳಿದರು, "ಇನ್ನೂ ಆಗಿಲ್ಲೇನ್ರೀ ಸರ್ ನಿಮ್ ಕಾರ್ಡ್? ನನಗೂ ಇಲ್ಲಿ ಬಂದ ಹೊಸದಾಗ ಹದಿನೈದ್ ದಿನ ಯೂನಿಫಾರಂ ಕೊಟ್ಟಿದ್ದಿಲ್ರೀ. ಮನಿ ಅಂಗಿ ಹಾಕ್ಕೊಂಡು ನಿಂತ್ರ ಒಬ್ರೂ ನನ್ ಮಾತು ಕೇಳ್ತಿರ್ಲಿಲ್ಲ." ಅವತ್ತು ಮಧ್ಯಾಹ್ನ ಅವರ ಜೊತೆಗೇ ಹೊರಗೆ ಗಾಡಿಯಲ್ಲಿ ಚಿತ್ರಾನ್ನ ತಿಂದೆ.

ನಿನ್ನೆ ಪಕ್ಕದ ಸಾಲಿನ ಹುಡುಗಿ ಬಂದು, "ಸರ್, ನೀವು ಫ್ರೀ ಇದ್ದೀರಾ? ಇದೊಂದು ಶೀಟ್ ಚೆಕ್ ಮಾಡ್ತೀರಾ? ಬೋರಿಂಗ್ ಕೆಲಸ, ಸಾರಿ" ಅಂದಳು. ಮುನ್ನೂರ ನಲವತ್ತು ಸಾಲು. ಫ್ರೀ ಇದ್ದೀರಾ ಅಂತೆ! ಸಂಜೆಯೊಳಗೆ ಮುಗಿಸಿ, ಹನ್ನೊಂದು ತಪ್ಪು ಹುಡುಕಿ ಕೆಂಪು ಬಣ್ಣ ಬಳಿದು ಕಳಿಸಿದೆ. ಇವತ್ತು ಇನ್ನೊಂದು ಶೀಟು ಕೊಟ್ಟಿದ್ದಾಳೆ. ಕಾರ್ಡ್ ಇನ್ನೂ ಕೆಲಸ ಮಾಡುತ್ತಿಲ್ಲ.