ಪ್ರಾಜೆಕ್ಟು ಹುಡುಕುತ್ತ ನಾಲ್ಕು ಊರು

ಮಕ್ಕಳ ವಿಜ್ಞಾನ ಸಮಾವೇಶಕ್ಕೆ ವಿಷಯ ಬೇಕೆಂದು ಮೊಮ್ಮಗಳು ಹಟ ಹಿಡಿದಾಗ, ಅದನ್ನು ಹುಡುಕಲು ಬಸ್ ಹತ್ತುವುದೇ ಸರಿ ಎಂದು ನನಗನಿಸಿತು. 1993ರಲ್ಲಿ ಆರಂಭವಾದ ಈ ರಾಷ್ಟ್ರೀಯ ಸಮಾವೇಶಕ್ಕೆ ನಮ್ಮ ರಾಜ್ಯದಲ್ಲಿ ಮಕ್ಕಳನ್ನು ಸಜ್ಜುಗೊಳಿಸುವುದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. 10ರಿಂದ 17 ವರ್ಷದ ಮಕ್ಕಳು ಇಬ್ಬಿಬ್ಬರ ತಂಡ ಕಟ್ಟಿಕೊಂಡು ತಮ್ಮೂರಿನದೇ ಒಂದು ಸಮಸ್ಯೆಯನ್ನು ಅಭ್ಯಾಸ ಮಾಡಬೇಕು. ಮೊಮ್ಮಗಳು, ಅವಳ ಗೆಳತಿ, ನಾನು, ಒಂದು ನೋಟುಬುಕ್ಕು. ನನ್ನದೊಂದೇ ಷರತ್ತು: ಪ್ರತಿ ವಿಷಯದ ಎದುರಿಗೆ ‘ಯಾರಿಗೆ ಹೇಳೂದು?’ ಎಂಬ ಕಾಲಂ ಇರಬೇಕು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈಗೆ ಎರಡು ಕಾಲಂ ಇಲ್ಲದೆ ಸಮಾಧಾನವಿಲ್ಲ.

ಮೊದಲು ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ. ಕೃಷ್ಣೆಗೆ ಅಡ್ಡಲಾಗಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ 1989ರಲ್ಲಿ ಕಟ್ಟಿಕೊಂಡ ಬ್ಯಾರೇಜು, ಶ್ರಮಬಿಂದು ಸಾಗರ. ಮುಂದಾಳು ಸಿದ್ದು ನ್ಯಾಮಗೌಡರನ್ನು ಜನ ‘ಬ್ಯಾರೇಜ್ ಸಿದ್ದು’ ಎಂದೇ ಕರೆಯುತ್ತಿದ್ದರು. “ಊರವರಿಗೆ ಗೊತ್ತಿದ್ದದ್ದನ್ನ ಊರವರಿಗೇ ಹೇಳೂದೇನು?” ಎಂದಳು ಗೆಳತಿ. ಕಾಲಂ ಖಾಲಿ ಉಳಿಯಿತು.

ಮುಧೋಳ ರನ್ನ ಕವಿಯ ಊರು. ಮಕ್ಕಳಿಗೆ ಮಾತ್ರ ನಾಯಿಯದೇ ಧ್ಯಾನ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ನಾಯಿ ಅದು. ತಿಮ್ಮಾಪುರದಲ್ಲಿ ಅದಕ್ಕಾಗಿ ಸಂಶೋಧನಾ ಕೇಂದ್ರವೇ ಇದೆ. “ನಾಯಿ ಅಂದ್ರ ಎಲ್ಲಾರೂ ಕೇಳ್ತಾರ, ಮುತ್ಯಾ.” ‘ಎಲ್ಲಾರೂ’ ಎಂದರೆ ನನ್ನ ಕಾಲಂ ತುಂಬುವುದಿಲ್ಲ ಎಂದೆ. ಮುಖ ಊದಿಸಿಕೊಂಡೇ ಬೀಳಗಿ ಬಸ್ಸು ಹತ್ತಿದರು.

ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಹಿನ್ನೀರಿನಿಂದ ಮುಳುಗಡೆಯಾದ ಹಳ್ಳಿಗಳ ಜನ ಪುನರ್ವಸತಿ ಕೇಂದ್ರಗಳಲ್ಲಿದ್ದಾರೆ. ಒಬ್ಬ ಅಜ್ಜಿ ತನ್ನ ಹಳೆಯ ಓಣಿಯ ಮರಗಳನ್ನು ಬೆರಳಿನಲ್ಲಿ ಎಣಿಸಿದಳು: ಎರಡು ಬೇವು, ಒಂದು ಹುಣಸೆ. ಪಕ್ಕದಲ್ಲಿದ್ದ ಅವಳ ಮೊಮ್ಮಕ್ಕಳು ಆ ಊರನ್ನು ಕಂಡವರಲ್ಲ. ಮುಳುಗಿದ ಊರಿನ ನಕ್ಷೆ ಬರೆದು ಈ ಮಕ್ಕಳಿಗೇ ತೋರಿಸಬಹುದಲ್ಲ! ಆದರೆ ಕೈಯಲ್ಲಿದ್ದದ್ದು ಮೂರು ತಿಂಗಳು. ‘ಮುಂದಿನ ವರ್ಷ’ ಎಂದು ಮೊಮ್ಮಗಳು ಬರೆದಳು. ಅಜ್ಜಿಯ ವಯಸ್ಸು ನೋಡಿ, ಆ ಮರಗಳನ್ನು ನಾನು ಅಂದೇ ಗುರುತು ಹಾಕಿಕೊಂಡೆ.

ಕೊನೆಗೆ ರಬಕವಿ-ಬನಹಟ್ಟಿ. ಓಣಿಗೆ ಕಾಲಿಟ್ಟರೆ ಪಾವರ್‌ಲೂಮಿನ ಖಟಪಟ. ಲಾಳಿ ಆ ಕಡೆ ಈ ಕಡೆ ಬಡಿಯುವ ಸಪ್ಪಳದಲ್ಲಿ ನಮ್ಮ ಮಾತು ನಮಗೇ ಕೇಳಿಸದು. ಇಲ್ಲಿ ವಿಷಯ ತಾನಾಗಿ ಸಿಕ್ಕಿತು: ಮಗ್ಗದ ಸದ್ದು ಮತ್ತು ನೇಕಾರರ ಕಿವಿ. ಕಾರ್ಖಾನೆ ನಿಯಮಗಳು ದಿನಕ್ಕೆ 8 ಗಂಟೆಯಾದರೆ 90 ಡೆಸಿಬಲ್ ತನಕ, 100 ಡೆಸಿಬಲ್ ಇದ್ದರೆ ಬರೀ 2 ಗಂಟೆ ಎನ್ನುತ್ತವೆ. ನನ್ನಂಥ ಬಿ.ಕಾಂ. ಲೆಕ್ಕಕ್ಕೆ 90ಕ್ಕೂ 100ಕ್ಕೂ ಹತ್ತೇ ವ್ಯತ್ಯಾಸ. ಧ್ವನಿಯ ಲೆಕ್ಕದಲ್ಲಿ ಅದು ಹತ್ತು ಪಟ್ಟು ಶಕ್ತಿ!

ಮಗ್ಗದ ಬದಿಗೆ, ಬಾಗಿಲಲ್ಲಿ, ಎದುರು ಮನೆಯಲ್ಲಿ ಕಿವಿಯ ಎತ್ತರಕ್ಕೆ ಮೊಬೈಲ್ ಹಿಡಿದು ಅಳೆಯುವುದು, ಒಪ್ಪಿದವರನ್ನು ಮಾತ್ರ ಕೇಳುವುದು, ಹೆಸರು ಬರೆಯದಿರುವುದು ಎಂದು ಯೋಜನೆ ಬೆಳೆಯಿತು. ‘ಕಿವಿಗೆ ಬಿರಡೆ ಹಾಕಿಕೊಳ್ಳಬೇಕು’ ಎಂಬ ಪರಿಹಾರವನ್ನು ಹುಡುಗಿಯರು ಆಗಲೇ ಬರೆದೂಬಿಟ್ಟಿದ್ದರು. ಮಗ್ಗ ನಿಲ್ಲಿಸದೆಯೇ ಒಬ್ಬ ಅಕ್ಕ ಕೂಗಿ ಹೇಳಿದರು: “ಕಿವಿ ಮುಚಗೊಂಡ್ರ ಎಳಿ ಹರಿದದ್ದು ಹ್ಯಾಂಗ ತಿಳೀತೈತಿ, ತಂಗಿ? ಸಪ್ಪಳ ಬದಲಾದ್ರನ ಕೈ ಸ್ವಿಚ್ಚಿಗೆ ಹೋಗ್ತೈತಿ.” ಕೂಲಿ ಸೀರೆಯ ಲೆಕ್ಕದಲ್ಲಿ, ಎಳೆ ಹರಿದದ್ದು ತಿಳಿಯದೆ ಸೀರೆ ಕೆಟ್ಟರೆ ಆ ಕೂಲಿಗೇ ಪೆಟ್ಟು. ಈ ಪ್ರಶ್ನೆಯನ್ನು ಯಾವ ತೀರ್ಪುಗಾರರೂ ಕೇಳಲಿಕ್ಕಿಲ್ಲ.

ಮೊಮ್ಮಗಳು ಆ ಸಾಲು ಹೊಡೆದು ಹಾಕಿ, ಬಿರಡೆ ಹಾಕಿಕೊಂಡರೂ ಎಳೆ ಹರಿದದ್ದು ತಿಳಿಯುತ್ತದೆಯೇ ಎಂಬುದನ್ನೇ ಪ್ರಯೋಗವಾಗಿ ಸೇರಿಸಿದಳು. ಕಾಲಂನಲ್ಲಿ ‘ಈ ಓಣಿಯವರಿಗೆ’ ಎಂದು ಬರೆದಳು, ತೀರ್ಪುಗಾರರು ಆಮೇಲೆ. ಆಗ ಇನ್ನೊಂದು ಪೇಚು: ಹಿರಿಯ ನೇಕಾರರಲ್ಲಿ ಕೆಲವರಿಗೆ ಕಿವಿ ಮಂದ, ಭಾಷಣ ಕೇಳಿಸುವುದಿಲ್ಲ. ಹಾಗಾಗಿ ದಪ್ಪ ಅಕ್ಷರದ ಚಾರ್ಟು, ಚಿತ್ರ. ಸಮಯ? ಮಗ್ಗ ನಿಲ್ಲಿಸಿ ಕೂರಿಸಿದರೆ ಅವರ ಕೂಲಿ ಹೋಗುತ್ತದೆ. ಕರೆಂಟು ಹೋದಾಗ ಹೇಳೋಣ ಎಂದಳು ಗೆಳತಿ.

“ಅವತ್ತು ಕರೆಂಟ್ ಹೋಗಲಿಲ್ಲಂದ್ರ?” ಎಂದು ಮೊಮ್ಮಗಳು ಕೇಳಿದ್ದಕ್ಕೆ ಆ ಅಕ್ಕ ನಕ್ಕುಬಿಟ್ಟರು. “ಅದರ ಚಿಂತಿ ನಿನಗ ಬ್ಯಾಡವಾ. ಚಾರ್ಟ್ ತಯಾರ ಇಟ್ಟಿರು.”