ಮಳೆಯಲ್ಲಿ ಗಾಳಿಕೆರೆಗೆ

ಮಳೆ ಹಿಡಿದ ದಿನ ಬೆಟ್ಟ ಹತ್ತುವುದು ವಿವೇಕಿಗಳ ಲಕ್ಷಣವಲ್ಲವೆಂಬುದು ಲೋಕರೂಢಿ. ಆದರೆ ನೀರು ಎಲ್ಲಿ ತಂಗುತ್ತದೆ, ಎಲ್ಲಿಂದ ಹೊರಡುತ್ತದೆ ಎಂಬುದನ್ನು ಕಣ್ಣಾರೆ ಕಾಣಬೇಕೆನ್ನುವವರಿಗೆ ಅದಕ್ಕಿಂತ ಪ್ರಶಸ್ತವಾದ ಕಾಲ ಮತ್ತೊಂದಿಲ್ಲ. 2022ರ ಜುಲೈ ತಿಂಗಳಿನ ಅಂಥದೊಂದು ದಿನ ಇಬ್ಬರು ಹಳೆಯ ಸಹಪಾಠಿಗಳು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದ ಮೇಲಿರುವ ಗಾಳಿಕೆರೆಗೆ ನಡೆದು ಹೋದರು.

ಒಬ್ಬರು ಹಿರಿಯೂರು ಸೀಮೆಯ ನಿವೃತ್ತ ಉಪಾಧ್ಯಾಯರು. ಇನ್ನೊಬ್ಬರು ಗಿರಿಯ ಪೂರ್ವದ ತಪ್ಪಲಿನಲ್ಲಿ ಕಾಫಿ ತೋಟವುಳ್ಳವರು. ಬಾಲ್ಯದಲ್ಲಿ ಒಂದೇ ಪ್ರಸಾದನಿಲಯದಲ್ಲಿ ಉಂಡು, ಒಂದೇ ದೀಪದ ಬೆಳಕಿನಲ್ಲಿ ಓದಿದವರು. ತೋಟದ ಮೇಲ್ಭಾಗದಲ್ಲಿ ಎಕರೆಯಷ್ಟು ಜೌಗು ನೆಲವಿತ್ತು. ಅದಕ್ಕೆ ಬಸಿಗಾಲುವೆ ತೆಗೆಸಿ, ನೀರಿಳಿಸಿ, ಗಿಡ ನೆಡಬೇಕೆಂಬುದು ತೋಟದ ಯಜಮಾನರ ಸಂಕಲ್ಪ. ಅತಿಥಿಯಾಗಿ ಬಂದ ಉಪಾಧ್ಯಾಯರು ಹಿಂದಿನ ರಾತ್ರಿ ಊಟದ ವೇಳೆ ಅದನ್ನು ಬೇಡವೆಂದರು.

“ನಿಮ್ಮೂರಿನ ಬರವನ್ನು ನನ್ನ ತೋಟದ ಮೇಲೆ ಯಾಕೆ ಹೇರುತ್ತೀಯ, ಮೇಷ್ಟ್ರೆ?” ಎಂದರು ಯಜಮಾನರು. ನಗುತ್ತಲೇ ಆಡಿದ ಮಾತಾದರೂ ಅದು ನಾಟಿತು. ಬತ್ತಿದ ಬಾವಿಗಳನ್ನೂ, ಒಣಗಿ ನಿಂತ ತೆಂಗಿನ ತೋಟಗಳನ್ನೂ ಕಂಡು ಬಂದವರಿಗೆ ಬರವೆಂಬುದು ನಗೆಯ ವಸ್ತುವಲ್ಲ. ಅಂದು ರಾತ್ರಿ ಮಾತು ಅಲ್ಲಿಗೇ ನಿಂತಿತು.

ಬೆಳಗ್ಗೆ ಅತ್ತಿಗುಂಡಿಯನ್ನು ದಾಟಿ ಮೇಲೇರುವಷ್ಟರಲ್ಲಿ ಗಾಳಿಯ ರಭಸಕ್ಕೆ ಉಪಾಧ್ಯಾಯರ ಕೊಡೆ ಮಗುಚಿಕೊಂಡಿತು. ಯಜಮಾನರು ಮಾತಿಲ್ಲದೆ ತಮ್ಮ ಕಂಬಳಿಕೊಪ್ಪೆಯನ್ನು ತೆಗೆದು ಗೆಳೆಯನ ತಲೆಗೆ ಹೊದಿಸಿದರು. ಇಂಬಳಗಳಿಗೆಂದು ಕಾಲಿಗೆ ಸುಣ್ಣ, ಹೊಗೆಸೊಪ್ಪು ಬಳಿದದ್ದೂ ಅವರೇ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ನಾಡಿನ ಅತ್ಯುನ್ನತ ಶಿಖರವಾದರೂ ಅಂದು ಮಂಜಿನೊಳಗೆ ಅದರ ಸುಳಿವೇ ಇರಲಿಲ್ಲ. ಹತ್ತು ಮಾರು ದೂರದ ಹುಲ್ಲೂ ಕಾಣದಂಥ ದಿನ.

ದೂರ ಕಾಣದಿದ್ದಾಗ ದೃಷ್ಟಿ ಕಾಲಬುಡಕ್ಕೆ ಇಳಿಯುತ್ತದೆ. ರಸ್ತೆಗಾಗಿ ಕಡಿದ ದರೆಯಿಂದ ಇಳಿಯುತ್ತಿದ್ದ ನೀರು ಕೆಂಪಗೆ, ಸದ್ದು ಮಾಡುತ್ತ ಓಡುತ್ತಿತ್ತು. ಹುಲ್ಲುಗಾವಲಿನ ನೀರಾದರೋ ತಿಳಿಯಾಗಿ, ಸದ್ದಿಲ್ಲದೆ ಜಿನುಗುತ್ತಿತ್ತು. ಗಿರಿಯ ಮಡಿಲುಗಳಲ್ಲಿ ಅಡಗಿರುವ ಶೋಲಾ ಕಾಡುಗಳಲ್ಲಿ ಕೊಳೆತ ತರಗೆಲೆ ಮಳೆಯನ್ನು ಹೀರಿಕೊಳ್ಳುತ್ತದೆ; ಹೊರಗಿನ ಹುಲ್ಲು ಹನಿಯ ಹೊಡೆತವನ್ನು ತಡೆದು ಮಣ್ಣನ್ನು ಹಿಡಿಯುತ್ತದೆ. ಹೀಗೆ ಇಂಗಿದ ನೀರು ಮಳೆ ನಿಂತ ಎಷ್ಟೋ ದಿನಗಳ ಮೇಲೂ ಹಳ್ಳಗಳಿಗೆ ಬಸಿದು ಬರುತ್ತದೆ. ಬೆಟ್ಟದ ಜೌಗೂ ಇದೇ ಕೆಲಸವನ್ನು ಮಾಡುತ್ತದೆ. ಉಪಾಧ್ಯಾಯರು ಪಾಠ ಹೇಳಲಿಲ್ಲ. ಎರಡು ಕಡೆಯ ನೀರನ್ನೂ ಬೊಗಸೆಯಲ್ಲಿ ಹಿಡಿದು ತೋರಿಸಿದರು, ಅಷ್ಟೇ.

ಗಾಳಿಕೆರೆ ಹೆಸರಿಗೆ ತಕ್ಕ ಕೆರೆ. ದಡದಲ್ಲಿ ನಿಲ್ಲಲಾಗದಂತೆ ಗಾಳಿ ಬೀಸುತ್ತಿತ್ತು. ಮಂಜು ಸರಿದಾಗ ಗುಡ್ಡಗಳ ನಡುವೆ ಬೂದುಬಣ್ಣದ ನೀರು ಕ್ಷಣಕಾಲ ಕಂಡು ಮತ್ತೆ ಮರೆಯಾಗುತ್ತಿತ್ತು. ಇಬ್ಬರೂ ಒಂದು ಬಂಡೆಯ ಮರೆಯಲ್ಲಿ ಕುಳಿತು ಅಕ್ಕಿರೊಟ್ಟಿಯ ಗಂಟನ್ನು ಬಿಚ್ಚಿದರು.

“ಈ ಬೆಟ್ಟದ ನೀರೆಲ್ಲ ಎಲ್ಲಿಗೆ ಹೋಗುತ್ತದೆ, ಹೇಳು ನೋಡೋಣ” ಎಂದರು ಉಪಾಧ್ಯಾಯರು.

ಪ್ರಶ್ನೆ ಸಣ್ಣದು, ಉತ್ತರ ದೊಡ್ಡದು. ಕುದುರೆಲಾಳದಂತೆ ಬಾಗಿರುವ ಈ ಗಿರಿಸಾಲಿನ ಒಳಮಗ್ಗುಲಿನ ಹಳ್ಳಗಳು ಜಾಗರ ಕಣಿವೆಯ ಮೂಲಕ ಭದ್ರೆಯನ್ನು ಸೇರುತ್ತವೆ. ಗಿರಿಯಲ್ಲೇ ಹುಟ್ಟುವ ಯಗಚಿ ಹೇಮಾವತಿಯೊಡನೆ ಕಾವೇರಿಗೆ ಹೋಗುತ್ತದೆ. ಪೂರ್ವದ ನೀರು ವೇದಾವತಿಯಾಗಿ ಬಯಲುಸೀಮೆಗೆ ಇಳಿಯುತ್ತದೆ. ಆ ವೇದಾವತಿಯೂ ಹಗರಿಯೆಂಬ ಹೆಸರು ಹೊತ್ತು ಕೊನೆಗೆ ತುಂಗಭದ್ರೆಯಲ್ಲೇ ಲೀನವಾಗುತ್ತದೆ. ಬೆಟ್ಟದ ನೆತ್ತಿಯಲ್ಲಿ ಅಗಲಿದ ಎರಡು ಹನಿಗಳು ನೂರಾರು ಮೈಲಿಗಳಾಚೆ ಮತ್ತೆ ಕೂಡುತ್ತವೆ.

ಸಂಜೆ ಇಬ್ಬರೂ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಗೆ ಇಳಿದರು. ಶಕುನಗಿರಿಯ ತಪ್ಪಲಿನ ಈ ಕೆರೆ 1156ರಲ್ಲಿ, ಹೊಯ್ಸಳರ ಕಾಲದಲ್ಲಿ, ಜೀರ್ಣೋದ್ಧಾರಗೊಂಡಿತೆಂದು ಹೇಳುತ್ತಾರೆ. ಇದಕ್ಕೆ ನೀರು ತರುವುದು ಗಿರಿಯಿಂದ ಇಳಿದು ಬರುವ ಗೌರಿಹಳ್ಳ. ಯಜಮಾನರು ಏರಿಯ ಮೇಲೆ ಬಹಳ ಹೊತ್ತು ನಿಂತರು. ತಮ್ಮ ತೋಟದ ಜೌಗಿನಿಂದ ಹೊರಡುವ ತೊರೆಯೂ ಅದೇ ಹಳ್ಳವನ್ನು ಸೇರುತ್ತದೆಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ಆದರೆ ತಿಳಿದದ್ದನ್ನು ಕಾಣುವುದು ಬೇರೆ.

“ಇಲ್ಲಿಂದ ನಿಮ್ಮ ಮಾರಿಕಣಿವೆಗೋ?” ಎಂದು ಕೇಳಿದರು.

“ಹೌದಯ್ಯ, ಅಲ್ಲಿಗೇ” ಎಂದರು ಉಪಾಧ್ಯಾಯರು.

1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಅಲ್ಲಿಂದಾಚೆಗೆ ಆ ಭಾಗ್ಯವನ್ನು ಕಾಣದೆ ತಲೆಮಾರುಗಳೇ ಕಳೆದುಹೋಗಿದ್ದವು. ಆ ವರ್ಷದ ಸೆಪ್ಟೆಂಬರ್ ಆರಂಭದಲ್ಲಿ, 89 ವರ್ಷಗಳ ಮೇಲೆ, ಸಾಗರ ಮತ್ತೆ ತುಂಬಿ ಹರಿಯಿತು. ಮಳೆಯ ನೀರಿನೊಡನೆ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಅದರಲ್ಲಿ ಸೇರಿತ್ತು. ಗಿರಿಯಲ್ಲಿ ಬೇರೆಯಾದ ಭದ್ರೆಯನ್ನೂ ವೇದಾವತಿಯನ್ನೂ ಮನುಷ್ಯನ ಶ್ರಮ ನಡುದಾರಿಯಲ್ಲೇ ಕೂಡಿಸಿತ್ತು. 2025ರ ಜನವರಿಯಲ್ಲಿ ಮೂರನೆಯ ಬಾರಿಗೆ ಕೋಡಿ ಬಿದ್ದಿತು.

ಬಸಿಗಾಲುವೆಗೆಂದು ಗೊತ್ತುಮಾಡಿದ್ದ ಆಳುಗಳನ್ನು ಯಜಮಾನರು ಬೇರೆ ಕೆಲಸಕ್ಕೆ ಹಚ್ಚಿದರು. ಕಾರಣ ಹೇಳಲಿಲ್ಲ; ಉಪಾಧ್ಯಾಯರೂ ಕೇಳಲಿಲ್ಲ. ಒಂದು ಎಕರೆ ಜೌಗಿನಿಂದ ಸಾಗರ ತುಂಬುವುದಿಲ್ಲವೆಂಬುದನ್ನು ಇಬ್ಬರೂ ಬಲ್ಲರು. ಆದರೆ ಕೆಳಗಿನವರ ಬಾಯಾರಿಕೆಯನ್ನು ಮೇಲಿರುವವರು ನೆನೆದು ಬಿಟ್ಟುಕೊಟ್ಟ ನೆಲ ಎಷ್ಟೇ ಕಿರಿದಾದರೂ ಅದು ದಾನವೇ ಸರಿ. ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿ ಉಳಿಯಬಹುದು. ನೀರನ್ನು ಅದರ ಪಾಡಿಗೆ ಬಿಟ್ಟವರ ಹೆಸರು ಎಲ್ಲಿಯೂ ಉಳಿಯುವುದಿಲ್ಲ. ಹೊಲಕ್ಕೆ ಬರುವ ನೀರು ಮಾತ್ರ ಇಬ್ಬರ ಋಣವನ್ನೂ ಹೊತ್ತೇ ಬರುತ್ತದೆ.