ಕೈಬಿಟ್ಟ ಕಾರ್ಡು

ಕೂಡ್ಲಿಗಿ ದಾಟಿ ಬಸ್ಸು ಕೊಟ್ಟೂರಿನ ಹಾದಿ ಹಿಡಿದಿತ್ತು. ಪಕ್ಕದಲ್ಲಿ ಇಬ್ಬರು ಹುಡುಗರು ಜಾತ್ರೆಯಲ್ಲಿ ಕೊಂಡ ಕುಸ್ತಿಪಟುಗಳ ಟ್ರಂಪ್ ಕಾರ್ಡು ಆಡುತ್ತಿದ್ದರು. ಒಬ್ಬ ಒಂದು ಕಾರ್ಡನ್ನು ಕಿಟಕಿಯಾಚೆ ಎಸೆಯಹೊರಟ.

‘ಇದು ವೇಸ್ಟ್ ಸಾರ್, ಬರೀ ಸೋಲ್ತೈತಿ.’

ಮೇಷ್ಟರ ಬುದ್ಧಿ ಸುಮ್ಮನಿದ್ದೀತೇ? ಕಟ್ಟಿನ 30 ಕಾರ್ಡುಗಳನ್ನೂ ಹರವಿಸಿದೆ. ಸರದಿ ಬಂದವನು ಎತ್ತರ, ತೂಕ, ಗೆದ್ದ ಕುಸ್ತಿ ಹೀಗೆ ಒಂದನ್ನು ಕೂಗುತ್ತಾನೆ. ಅಂಕಿ ಹೆಚ್ಚಿದ್ದವನಿಗೆ ಎದುರಾಳಿಯ ಕಾರ್ಡು. ಹಾಗಾಗಿ ಅಂಕಿಯ ಗಾತ್ರ ನೋಡಿದರೆ ಸಾಲದು. ಅದು ಉಳಿದ 29ರಲ್ಲಿ ಎಷ್ಟನ್ನು ಸೋಲಿಸುತ್ತದೆ ಎಂದು ಎಣಿಸಬೇಕು. ಎಣಿಸಿದೆವು. ಆ ಬಡಪಾಯಿ ತೂಕದಲ್ಲಿ ಗೆದ್ದದ್ದು ನಾಲ್ಕನ್ನು, ಗೆದ್ದ ಕುಸ್ತಿಗಳಲ್ಲಿ 24ನ್ನು! ಹುಡುಗ ಪ್ರತಿಸಲವೂ ತೂಕವನ್ನೇ ಕೂಗಿದ್ದ.

‘ನಮ್ಮ ಊರುಗಳನ್ನೇ ಕಾರ್ಡು ಮಾಡ್ರಿ ನೋಡೋಣ’ ಎಂದೆ. ಕರಡಿ ಎಂದರೆ ಗುಡೇಕೋಟೆಯ ಕೂಡ್ಲಿಗಿ ಗೆದ್ದಿತು. ತೇರು ಎಂದರೆ ಕೊಟ್ಟೂರು. ಹಕ್ಕಿ ಎಂದರೆ ಹಗರಿಬೊಮ್ಮನಹಳ್ಳಿ; ಅಲ್ಲಿನ ಅಂಕಸಮುದ್ರ ರಾಮ್ಸರ್ ತಾಣವಾಗಿದೆ. ಮಲ್ಲಿಗೆಗೆ ಹಡಗಲಿ, ಕೋಟೆಗೆ ಉಚ್ಚಂಗಿದುರ್ಗದ ಹರಪನಹಳ್ಳಿ. ಇವುಗಳಲ್ಲಿ ಯಾವ ಊರನ್ನು ಎಸೆಯೋಣ?

ಹುಡುಗ ಮೆಲ್ಲಗೆ ಹೇಳಿದ: ‘ಗಣಿತದಾಗ ಕಡಿಮಿ ಬಂತಂತ ಮನ್ಯಾಗ ನನಗೂ ವೇಸ್ಟ್ ಅಂತಾರ ಸಾರ್.’

ಪಾಲಕರೇ, ನಾವು ಯಾವ ಕಾಲಂ ಕೂಗುತ್ತಿದ್ದೇವೆ?

ಕೊಟ್ಟೂರು ಬರುವಷ್ಟರಲ್ಲಿ ಆ ಕಾರ್ಡು ಮತ್ತೆ ಸೋತಿತು. ಕೂಗುವ ಸರದಿ ಗೆಳೆಯನದಾಗಿತ್ತು. ಈ ಸಲ ಹುಡುಗನಿಗೆ ಅದನ್ನು ಕೊಡಲು ಮನಸ್ಸೇ ಬರಲಿಲ್ಲ.